ಡೆನ್ವರ್‌ನ ಮೊದಲ ಚಳಿಗಾಲ: ಬಿಸಿಲಿದೆ ಎಂದು ಚಪ್ಪಲಿ ಮೆಟ್ಟಿ ಹೊರಡಬೇಡಿ

ಪ್ರತಿವರ್ಷ ಜುಲೈ, ಆಗಸ್ಟ್ ಬಂತೆಂದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯಿಂದ, ಇಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿರುವ ನಮಗೆ ಒಂದೇ ಪ್ರಶ್ನೆ. "ಡೆನ್ವರ್‌ನಲ್ಲಿ ಕೆಲಸ ಸಿಕ್ಕಿದೆ, ಅಲ್ಲಿ ಹಿಮ ಬೀಳುತ್ತಂತೆ, ನಮ್ಮ ಕೈಲಿ ತಡೆದುಕೊಳ್ಳೋಕಾಗುತ್ತಾ?" ಇನ್ನು ಕೆಲವರದು ಇದಕ್ಕೆ ಪೂರ್ತಿ ಉಲ್ಟಾ. "ವರ್ಷಕ್ಕೆ 300 ದಿನ ಬಿಸಿಲಂತೆ, ಒಂದು ಸ್ವೆಟರ್ ಸಾಲದಾ?" ಮೊದಲನೆಯವರು ಸುಮ್ಮನೆ ಹೆದರಿದ್ದಾರೆ, ಎರಡನೆಯವರು ಹೆದರಬೇಕಾದ ಕಡೆ ಹೆದರಿಲ್ಲ. 300 ದಿನದ ಲೆಕ್ಕ ಊರಿನ ಪ್ರಚಾರದ ಮಾತು. ಮೋಡವಿಲ್ಲದೆ ಪೂರ್ತಿ ನೀಲಿಯಾಗಿರುವ ದಿನಗಳು ಅದಕ್ಕಿಂತ ತುಂಬಾ ಕಡಿಮೆ. ಆದರೂ ಚಳಿಗಾಲದಲ್ಲಿ ಇಲ್ಲಿ ಬಿಸಿಲಿಗೆ ಬರವಿಲ್ಲ ಎಂಬುದು ನಿಜ.

ಇಲ್ಲಿ ತೊಂದರೆ ಕೊಡುವುದು ಚಳಿಗಿಂತ ಹೆಚ್ಚಾಗಿ ಬದಲಾವಣೆ. ಬಿಸಿಲಿಗೂ ನೆರಳಿಗೂ, ಮಧ್ಯಾಹ್ನಕ್ಕೂ ಸಂಜೆಗೂ, ಇವತ್ತಿಗೂ ನಾಳೆಗೂ ಇರುವ ಅಂತರ. ಅದಕ್ಕೆ ಹೇಗೆ ಸಿದ್ಧರಾಗಬೇಕು ಎಂದು ಹಂತ ಹಂತವಾಗಿ ಬರೆದಿದ್ದೇನೆ. ಅರೋರಾ, ಸೆಂಟೆನಿಯಲ್, ಪಾರ್ಕರ್, ಬ್ರೂಮ್‌ಫೀಲ್ಡ್ ಹೀಗೆ ಸುತ್ತಮುತ್ತಲ ಯಾವ ಊರಲ್ಲಿ ಮನೆ ಮಾಡಿದರೂ ಇದು ಅನ್ವಯಿಸುತ್ತದೆ.

ಮೊದಲು, ಈ ಚಳಿಗಾಲದ ಗುಣ

ಡೆನ್ವರ್ ಇರುವುದು ಸಮುದ್ರಮಟ್ಟದಿಂದ 5,280 ಅಡಿ, ಅಂದರೆ ಸರಿಯಾಗಿ ಒಂದು ಮೈಲಿ ಎತ್ತರದಲ್ಲಿ. ಮೀಟರ್ ಲೆಕ್ಕದಲ್ಲಿ ಸುಮಾರು 1,609. ಬೆಂಗಳೂರಿಗಿಂತ ಬಹಳ ಮೇಲೆ, ಮುಳ್ಳಯ್ಯನಗಿರಿಯ ತುದಿಗಿಂತ ಸ್ವಲ್ಪ ಕೆಳಗೆ. ಹಾಗಂತ ಊರು ಬೆಟ್ಟದ ಮೇಲಿಲ್ಲ. ರಾಕಿ ಪರ್ವತಗಳ ಪೂರ್ವದ ಬುಡದಲ್ಲಿರುವ ಬಯಲು ಇದು. ನಮ್ಮವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ ಪಶ್ಚಿಮಘಟ್ಟವನ್ನು ನೆನೆಸಿಕೊಳ್ಳಿ. ಪಶ್ಚಿಮದಿಂದ ಬರುವ ಮೋಡಗಳು ತಮ್ಮ ಹಿಮವನ್ನೆಲ್ಲ ಬೆಟ್ಟದ ಮೇಲೆ ಸುರಿದು ಹಗುರಾಗುತ್ತವೆ, ಇತ್ತ ಡೆನ್ವರ್ ಚಿತ್ರದುರ್ಗದ ಹಾಗೆ ಮಳೆನೆರಳಿನಲ್ಲಿ ಒಣಗಿರುತ್ತದೆ. ಇಲ್ಲಿನ ಬಿಸಿಲಿನ ಗುಟ್ಟು ಇದೇ.

ಊರಿಗೆ ಜೋರು ಹಿಮ ಬೀಳಬೇಕೆಂದರೆ ಗಾಳಿ ತಿರುಗಿ ಪೂರ್ವದಿಂದ ಬೀಸಬೇಕು. ತೇವದ ಗಾಳಿ ಬೆಟ್ಟದ ಗೋಡೆಗೆ ಒತ್ತಿ ಮೇಲೇರುತ್ತಾ ತಣ್ಣಗಾಗಿ ಹಿಮ ಸುರಿಸುತ್ತದೆ. ಆಗುಂಬೆಯಲ್ಲಿ ಅರಬ್ಬೀ ಸಮುದ್ರದ ಗಾಳಿ ಮಾಡುವ ಕೆಲಸವೇ ಇದು, ದಿಕ್ಕು ಮಾತ್ರ ಬೇರೆ. ಹವಾಮಾನ ವರದಿಯಲ್ಲಿ 'ಅಪ್‌ಸ್ಲೋಪ್' ಎಂಬ ಪದ ಕೇಳಿದರೆ ಇದೇ ಎಂದು ತಿಳಿಯಿರಿ, ಅವತ್ತು ತರಕಾರಿ, ಹಾಲು ಮುಂಚೆಯೇ ತಂದಿಟ್ಟುಕೊಳ್ಳಿ. ಇದಕ್ಕೆ ವಿರುದ್ಧವಾದದ್ದು 'ಶಿನೂಕ್'. ಬೆಟ್ಟದಿಂದ ಇಳಿಯುತ್ತಾ ಬಿಸಿಯಾಗಿ, ಒಣಗಿ, ರಭಸದಿಂದ ಬೀಸುವ ಗಾಳಿ. ಜನವರಿಯ ನಡುವೆಯೂ ಒಂದೇ ದಿನದಲ್ಲಿ ಅಂಗಳದ ಹಿಮವನ್ನು ಕುಡಿದುಬಿಡುತ್ತದೆ.

ಜನವರಿಯಲ್ಲಿ ಹಗಲಿನ ಗರಿಷ್ಠ ತಾಪಮಾನ ಸರಾಸರಿ 7 ಡಿಗ್ರಿ ಸೆಲ್ಸಿಯಸ್ ಆಸುಪಾಸು, ರಾತ್ರಿ ಮೈನಸ್ 8ರ ಹತ್ತಿರ. ಆದರೆ ಸರಾಸರಿ ಎಂಬುದು ಇಲ್ಲಿ ಕೆಲಸಕ್ಕೆ ಬರುವುದು ಕಡಿಮೆ. 2020ರ ಸೆಪ್ಟೆಂಬರ್ 5ರಂದು 38 ಡಿಗ್ರಿ ಬಿಸಿಲಿತ್ತು, 8ನೇ ತಾರೀಕು ಹಿಮ ಬಿತ್ತು. 2021ರಲ್ಲಿ ಮೊದಲ ಹಿಮಕ್ಕೆ ಡಿಸೆಂಬರ್ 10ರವರೆಗೆ ಕಾಯಬೇಕಾಯಿತು. 2022ರ ಡಿಸೆಂಬರ್ 21ರ ಸಂಜೆ ವಿಮಾನ ನಿಲ್ದಾಣದಲ್ಲಿ 5 ಡಿಗ್ರಿಗಿಂತ ಮೇಲಿದ್ದ ತಾಪಮಾನ ಒಂದೇ ಗಂಟೆಯಲ್ಲಿ ಮೈನಸ್ 15ಕ್ಕೆ ಕುಸಿಯಿತು, ಮರುದಿನ ಮೈನಸ್ 31ಕ್ಕೆ ಇಳಿಯಿತು. ಮಧ್ಯಾಹ್ನ ತೆಳು ಜಾಕೆಟ್‌ನಲ್ಲಿ ಆಫೀಸಿಗೆ ಹೋದವರು ಸಂಜೆ ಮನೆಗೆ ಬರುವಾಗ ಊರೇ ಬೇರೆಯಾಗಿತ್ತು.

ಹಂತ 1: ಊರಿಂದ ಹೊರಡುವ ಮುನ್ನ

ಬೆಂಗಳೂರಿನಲ್ಲಿ ಸಾವಿರಾರು ರೂಪಾಯಿ ಕೊಟ್ಟು ದಪ್ಪ ಜಾಕೆಟ್ ಕೊಳ್ಳಬೇಡಿ. ಅದು ಸೂಟ್‌ಕೇಸಿನ ಅರ್ಧ ಜಾಗ ತಿನ್ನುತ್ತದೆ, ಇಲ್ಲಿನ ಚಳಿಗೆ ಹೊಂದುವುದೂ ಅನುಮಾನ. ಜಾಕೆಟ್, ಬೂಟು, ಕೈಗವಸು ಇಲ್ಲೇ ಕೊಳ್ಳಿ. ವಿದ್ಯಾರ್ಥಿಗಳಿಗೆ ಗುಡ್‌ವಿಲ್, ಆರ್ಕ್‌ನಂಥ ಹಳೇ ಬಟ್ಟೆ ಅಂಗಡಿಗಳಿವೆ. ಚಾರಣ, ಸ್ಕೀಯಿಂಗ್ ಪ್ರಿಯರ ಊರಾದ್ದರಿಂದ ಒಳ್ಳೆಯ ಜಾಕೆಟ್‌ಗಳು ಅಲ್ಲಿಗೆ ಬರುತ್ತಲೇ ಇರುತ್ತವೆ.

ಊರಿಂದ ತರಬೇಕಾದ್ದು ಬೇರೆಯೇ ಇದೆ. ಉಣ್ಣೆ ಶಾಲು ಒಂದೆರಡು, ಅಜ್ಜಿ ಹೆಣೆದ ಟೋಪಿಯಿದ್ದರೆ ಅದು, ಮನೆಯೊಳಗೆ ಹಾಕಲು ದಪ್ಪ ಕಾಲುಚೀಲ, ನಿಮಗೆ ಒಗ್ಗಿದ ಚರ್ಮದ ಮುಲಾಮು. ಮುಖ್ಯವಾಗಿ ಒಳ್ಳೆಯ ಪ್ರೆಶರ್ ಕುಕ್ಕರ್, ಜೊತೆಗೆ ಒಂದು ಹೆಚ್ಚುವರಿ ಗ್ಯಾಸ್ಕೆಟ್. ಯಾಕೆಂದು ಅಡುಗೆಮನೆಯ ಹಂತದಲ್ಲಿ ಹೇಳುತ್ತೇನೆ.

ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಯೋಚನೆಯಿದ್ದರೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಕರೆಸಿ. ಚಳಿಗಾಲದಲ್ಲಿ ಬಂದ ಹಿರಿಯರು ಜಾರುವ ಭಯಕ್ಕೆ ಮನೆಯೊಳಗೇ ಕೂತು ಬೇಸರಪಡುವುದನ್ನು ತುಂಬಾ ಮನೆಗಳಲ್ಲಿ ನೋಡಿದ್ದೇನೆ.

ಹಂತ 2: ಮೊದಲ ಎರಡು ವಾರ, ಎತ್ತರ ಮತ್ತು ಒಣಹವೆ

ಸಮುದ್ರಮಟ್ಟಕ್ಕೆ ಹೋಲಿಸಿದರೆ ಇಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸುಮಾರು ಶೇ 17ರಷ್ಟು ಕಡಿಮೆ. ಮೊದಲ ಕೆಲವು ದಿನ ತಲೆನೋವು, ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಸರಿಯಾಗಿ ನಿದ್ದೆ ಬಾರದಿರುವುದು ಸಾಮಾನ್ಯ. ನೀರು ಚೆನ್ನಾಗಿ ಕುಡಿಯಿರಿ, ಮೊದಲ ವಾರ ಓಟ, ಜಿಮ್ ಬೇಡ. ಆಸ್ತಮಾ, ಹೃದಯದ ತೊಂದರೆ ಇರುವವರು ಹೊರಡುವ ಮುನ್ನವೇ ವೈದ್ಯರ ಹತ್ತಿರ ಮಾತಾಡಿ ಬನ್ನಿ.

ಒಣಹವೆ ಮಾತ್ರ ಚಳಿಗಾಲ ಮುಗಿಯುವವರೆಗೂ ಬಿಡುವುದಿಲ್ಲ. ಹೊರಗಿನ ಒಣಗಾಳಿ ಹೀಟರಿನಲ್ಲಿ ಕಾದು ಮನೆಯೊಳಗೆ ಬರುವಾಗ ಇನ್ನೂ ಒಣಗುತ್ತದೆ. ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ, ಬಾಗಿಲ ಹಿಡಿ ಮುಟ್ಟಿದರೆ ಚುರುಕ್ ಎಂದು ಶಾಕ್ ಹೊಡೆಯುತ್ತದೆ. ಬೆಳಗ್ಗೆ ಎದ್ದಾಗ ಮೂಗಿನಲ್ಲಿ ರಕ್ತ ಕಂಡು ಗಾಬರಿಯಾಗುವವರು ಬಹಳ. ಹಾಗಾದರೆ ತಲೆ ಹಿಂದಕ್ಕೆ ಚೆಲ್ಲಬೇಡಿ. ಸ್ವಲ್ಪ ಮುಂದಕ್ಕೆ ಬಾಗಿ, ಮೂಗಿನ ಮೆದು ಭಾಗವನ್ನು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಮತ್ತೆ ಮತ್ತೆ ಬಂದರೆ, ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ.

ಮಲಗುವ ಕೋಣೆಗೆ ಒಂದು ಹ್ಯೂಮಿಡಿಫೈಯರ್, ಅಂದರೆ ಗಾಳಿಗೆ ತೇವ ಬಿಡುವ ಯಂತ್ರ, ಕೊಳ್ಳಿ. ಮೊದಲ ತಿಂಗಳ ಸಂಬಳದಲ್ಲಿ ನಾನು ಕೊಳ್ಳಲು ಹೇಳುವ ಮೊದಲ ಸಾಮಾನೇ ಇದು. ಎರಡು ಮೂರು ದಿನಕ್ಕೊಮ್ಮೆ ತೊಳೆಯದಿದ್ದರೆ ಒಳಗೆ ಪಾಚಿ ಕಟ್ಟುತ್ತದೆ, ಮರೆಯಬೇಡಿ. ಸುಡುವ ನೀರಲ್ಲಿ ಬಹಳ ಹೊತ್ತು ಸ್ನಾನ ಮಾಡಿದರೆ ಚರ್ಮ ಇನ್ನೂ ಒಣಗುತ್ತದೆ. ಸ್ನಾನವಾದ ತಕ್ಷಣ, ಮೈ ಇನ್ನೂ ಪಸೆಯಿರುವಾಗಲೇ ಕೊಬ್ಬರಿ ಎಣ್ಣೆಯನ್ನೋ ಮುಲಾಮನ್ನೋ ಹಚ್ಚಿ. ಎಣ್ಣೆ ಡಬ್ಬಿಯಲ್ಲಿ ಕಲ್ಲಾಗಿರುತ್ತದೆ, ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಕರಗಿಸಿಕೊಳ್ಳಿ.

ಮತ್ತೊಂದು, ಸನ್‌ಸ್ಕ್ರೀನ್. "ಚಳಿಗಾಲದಲ್ಲಾ?" ಎಂದು ಕೇಳಬೇಡಿ. ಎತ್ತರ ಸಾವಿರ ಮೀಟರ್ ಹೆಚ್ಚಿದಂತೆ ಅತಿನೇರಳೆ ಕಿರಣ ಸುಮಾರು ಶೇ 10ರಷ್ಟು ಹೆಚ್ಚುತ್ತದೆ. ಜೊತೆಗೆ ಹೊಸ ಹಿಮ ಆ ಕಿರಣಗಳಲ್ಲಿ ಬಹುಪಾಲನ್ನು ಮುಖಕ್ಕೇ ತಿರುಗಿಸುತ್ತದೆ. ಗಲ್ಲದ ಕೆಳಗೆ, ಮೂಗಿನ ಅಡಿಯಲ್ಲಿ ಚರ್ಮ ಸುಡುವುದು ಹಾಗೆ. ತಂಪು ಕನ್ನಡಕ ಕಾರಿನಲ್ಲೊಂದು, ಮನೆಯಲ್ಲೊಂದು ಇರಲಿ.

ಹಂತ 3: ಪದರ ಪದರವಾಗಿ ಉಡುಪು

ಒಂದೇ ದಪ್ಪ ಬಟ್ಟೆಗಿಂತ ಮೂರು ತೆಳು ಪದರ ಒಳ್ಳೆಯದು, ಏಕೆಂದರೆ ಮಧ್ಯಾಹ್ನ ಒಂದೊಂದಾಗಿ ತೆಗೆಯಲೇಬೇಕಾಗುತ್ತದೆ. ಮೈಗೆ ಅಂಟುವ ಥರ್ಮಲ್, ಅದರ ಮೇಲೆ ಫ್ಲೀಸ್ ಅಥವಾ ಉಣ್ಣೆ ಸ್ವೆಟರ್, ಹೊರಗೆ ಗಾಳಿ, ನೀರು ತಡೆಯುವ ಜಾಕೆಟ್. ಥರ್ಮಲ್ ಹತ್ತಿಯದಾಗಬಾರದು. ನಮಗೆ ಹತ್ತಿ ಬಟ್ಟೆ ಎಂದರೆ ಪ್ರಾಣ, ಆದರೆ ಅದು ಬೆವರು ಹೀರಿ ಒದ್ದೆಯಾಗಿಯೇ ಉಳಿದು ಮೈಯನ್ನು ತಣ್ಣಗಾಗಿಸುತ್ತದೆ. ಉಣ್ಣೆ ಅಥವಾ ಪಾಲಿಯೆಸ್ಟರ್ ಇರಲಿ. ಕಾಲುಚೀಲಕ್ಕೂ ಇದೇ ನಿಯಮ.

ಹಣ ಉಳಿಸಬಾರದ ಜಾಗವೆಂದರೆ ಬೂಟು. ನೀರು ಒಳಗೆ ಬರಬಾರದು, ಅಡಿ ಮೆದು ರಬ್ಬರಿನದಾಗಿ ಆಳವಾದ ಗೀರುಗಳಿರಬೇಕು. ಓಟದ ಶೂ ಸಾಕೆಂದುಕೊಂಡವರು ಒಂದು ಹಿಮದ ನಂತರ ಅಂಗಡಿಗೆ ಓಡುತ್ತಾರೆ, ಆಗ ಅವರ ಅಳತೆಯದು ಖಾಲಿಯಾಗಿರುತ್ತದೆ.

ಮಕ್ಕಳಿಗೆ ಹಿಮದ ಪ್ಯಾಂಟ್, ನೀರು ಹಿಡಿಯದ ಕೈಗವಸು ಎರಡೆರಡು ಜೊತೆ ಬೇಕು. ಶಾಲೆಯಲ್ಲಿ ಚಳಿಯಿದ್ದರೂ ಆಟಕ್ಕೆ ಹೊರಗೆ ಬಿಡುತ್ತಾರೆ, ತೀರಾ ಕೊರೆಯುವ ದಿನ ಮಾತ್ರ ಒಳಗಿರಿಸುತ್ತಾರೆ. ಒಂದು ಎಚ್ಚರಿಕೆ: ಉಬ್ಬಿದ ಜಾಕೆಟ್ ಹಾಕಿಸಿ ಮಗುವನ್ನು ಕಾರ್‌ಸೀಟಿನಲ್ಲಿ ಕೂರಿಸಬೇಡಿ. ಪಟ್ಟಿ ಬಿಗಿಯಾದ ಹಾಗೆ ಕಾಣುತ್ತದೆ, ಅಪಘಾತವಾದರೆ ಜಾಕೆಟ್ ಒಳಗಿನ ಗಾಳಿ ಅಮುಕಿಹೋಗಿ ಪಟ್ಟಿ ಸಡಿಲವಾಗುತ್ತದೆ. ಜಾಕೆಟ್ ತೆಗೆದು ಪಟ್ಟಿ ಕಟ್ಟಿ, ಮೇಲೆ ಶಾಲು ಹೊದಿಸಿ.

ಹಂತ 4: ಮನೆ

ಇಲ್ಲಿ ಬಹುತೇಕ ಮನೆಗಳಲ್ಲಿ ಫರ್ನೇಸ್ ಇರುತ್ತದೆ, ಅಂದರೆ ಗ್ಯಾಸಿನಿಂದ ಗಾಳಿ ಕಾಯಿಸಿ ಕೊಳವೆಗಳ ಮೂಲಕ ಕೋಣೆಗಳಿಗೆ ತಳ್ಳುವ ಯಂತ್ರ. ಅದರ ಫಿಲ್ಟರನ್ನು ಒಂದರಿಂದ ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಅಪಾರ್ಟ್‌ಮೆಂಟ್ ಆದರೆ ಯಾರು ಬದಲಿಸುತ್ತಾರೆ ಎಂದು ಮೊದಲೇ ಕೇಳಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಮಲಗುವ ಕೋಣೆಗಳ ಹತ್ತಿರ ಇದೆಯೇ, ಅದರ ಬ್ಯಾಟರಿ ಸರಿಯಿದೆಯೇ ಎಂದು ಮನೆಗೆ ಹೋದ ದಿನವೇ ನೋಡಿ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿ ಎಂದು ಒಲೆಯನ್ನೋ ಓವನ್ನನ್ನೋ ಹಚ್ಚಿಟ್ಟು ಮನೆ ಬಿಸಿ ಮಾಡುವ ಸಾಹಸ ಯಾವತ್ತೂ ಬೇಡ.

ಈಗ ಅತಿ ಮುಖ್ಯವಾದ ಮಾತು. ನಮ್ಮಲ್ಲಿ ಬಹಳ ಜನ ಡಿಸೆಂಬರಿನಲ್ಲೇ ರಜೆ ಹಾಕಿ ಊರಿಗೆ ಹೋಗುತ್ತೇವೆ. ಹೋಗುವಾಗ ಲೈಟು, ಫ್ಯಾನು ಆರಿಸಿದ ಹಾಗೆ ಹೀಟರನ್ನೂ ಆರಿಸಿ ಹೋಗುವುದು ನಮ್ಮ ಅಭ್ಯಾಸ. ಇಲ್ಲಿ ಹಾಗೆ ಮಾಡಿದರೆ ಗೋಡೆಯೊಳಗಿನ ನೀರಿನ ಪೈಪು ಹೆಪ್ಪುಗಟ್ಟಿ ಒಡೆಯುತ್ತದೆ. ನೀರು ಮಂಜುಗಡ್ಡೆಯಾಗುವಾಗ ಹಿಗ್ಗುತ್ತದೆ, ಪೈಪಿಗೆ ಅದನ್ನು ತಡೆಯುವ ಶಕ್ತಿಯಿಲ್ಲ. ಮತ್ತೆ ಕರಗಿದಾಗ ಯಾರೂ ಇಲ್ಲದ ಮನೆಯಲ್ಲಿ ನೀರು ಹರಿಯುತ್ತಲೇ ಇರುತ್ತದೆ, ಕೆಳಗಿನ ಮನೆಯವರ ಸೂರಿನಿಂದ ತೊಟ್ಟಿಕ್ಕಿದಾಗಲೇ ಗೊತ್ತಾಗುವುದು. ಆದ್ದರಿಂದ ಊರಿಗೆ ಹೋಗುವಾಗ:

- ಥರ್ಮೋಸ್ಟಾಟ್ ಅನ್ನು 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಸಬೇಡಿ, ಅದು ಸುಮಾರು 13 ಸೆಲ್ಸಿಯಸ್.
- ಸ್ವಂತ ಮನೆಯಾದರೆ ನೀರಿನ ಮುಖ್ಯ ವಾಲ್ವ್ ಮುಚ್ಚಿ ಹೋಗಿ.
- ಗೆಳೆಯರೊಬ್ಬರ ಕೈಗೆ ಬೀಗದ ಕೈ ಕೊಟ್ಟು ಎರಡು ಮೂರು ದಿನಕ್ಕೊಮ್ಮೆ ನೋಡಿ ಬರಲು ಹೇಳಿ.

ನೀವು ಮನೆಯಲ್ಲೇ ಇದ್ದು ಹೊರಗೆ ಮೈನಸ್ 20ರ ಮುನ್ಸೂಚನೆ ಇದ್ದರೆ, ಹೊರಗೋಡೆಗೆ ತಾಗಿದ ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ, ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡಿ. ತೋಟದ ಪೈಪನ್ನು ಹೊರಗಿನ ನಲ್ಲಿಯಿಂದ ಅಕ್ಟೋಬರಿನಲ್ಲೇ ಬಿಚ್ಚಿಡಬೇಕು. ಹುಲ್ಲಿಗೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇದ್ದರೆ ಅದರೊಳಗಿನ ನೀರನ್ನು ಗಾಳಿ ಊದಿ ಖಾಲಿ ಮಾಡಿಸಬೇಕು.

ಮನೆ ಹುಡುಕುವವರಿಗೆ ಒಂದು ಮಾತು. ನಮ್ಮವರು ವಾಸ್ತು ನೋಡಿ ಪೂರ್ವದ ಬಾಗಿಲು ಕೇಳುತ್ತಾರೆ, ದಕ್ಷಿಣದ ಬಾಗಿಲೆಂದರೆ ಹಿಂದೆ ಸರಿಯುತ್ತಾರೆ. ಡೆನ್ವರ್‌ನಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಮನೆಗೆ ಬೆಲೆಯಿದೆ. ಚಳಿಗಾಲದ ಸೂರ್ಯ ದಕ್ಷಿಣದಲ್ಲಿ ತಗ್ಗಿ ಸಾಗುವುದರಿಂದ ಅಂಥ ಮನೆಯ ಮುಂದಿನ ಹಿಮ ಒಂದೆರಡು ದಿನದಲ್ಲಿ ಕರಗುತ್ತದೆ. ಎದುರುಗಡೆಯ ಉತ್ತರಮುಖದ ಮನೆಯವರು ವಾರಗಟ್ಟಲೆ ಮಂಜುಗಡ್ಡೆ ಕುಟ್ಟುತ್ತಿರುತ್ತಾರೆ. ಸಣ್ಣ ಮಕ್ಕಳಿರುವವರು, ಹಿರಿಯರಿರುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು ಎಂಬುದು ನನ್ನ ಅಭಿಪ್ರಾಯ.

ಹಂತ 5: ಅಡುಗೆಮನೆ

ಡೆನ್ವರ್‌ನಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, ಸುಮಾರು 95ಕ್ಕೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಬಹಳ ಹೊತ್ತು ಬೇಯದೆ ಕಾಳು ಕಾಳಾಗಿಯೇ ಇರುವುದು ಇದಕ್ಕೆ. ಕುಕ್ಕರಿನಲ್ಲೂ ಊರಿಗಿಂತ ಒಂದೆರಡು ಕೂಗು ಜಾಸ್ತಿ ಬೇಕು. ಬೇಳೆಯನ್ನು ಅರ್ಧ ಗಂಟೆ, ಕಡಲೆ, ಹೆಸರುಕಾಳು, ಅಲಸಂದೆಯನ್ನು ರಾತ್ರಿಯಿಡೀ ನೆನೆಸಿ. ಚಪಾತಿ ಹಿಟ್ಟು ಒಣಗಿರುತ್ತದಾದ್ದರಿಂದ ಕಲಸುವಾಗ ನೀರು ಸ್ವಲ್ಪ ಹೆಚ್ಚು ಹಿಡಿಯುತ್ತದೆ, ಕಲಸಿದ ಮೇಲೆ ಒದ್ದೆ ಬಟ್ಟೆ ಮುಚ್ಚಿ.

ಇಡ್ಲಿ ಹಿಟ್ಟು ಉಬ್ಬದಿರುವುದು ಇಲ್ಲಿನ ಪ್ರತಿ ಕನ್ನಡ ಮನೆಯ ಮೊದಲ ಚಳಿಗಾಲದ ದುಃಖ. ಓವನ್ ಹಚ್ಚದೆ, ಒಳಗಿನ ದೀಪ ಮಾತ್ರ ಉರಿಸಿ, ಹಿಟ್ಟಿನ ಪಾತ್ರೆ ಒಳಗಿಟ್ಟು ಬಾಗಿಲು ಮುಚ್ಚಿ. ದೀಪದ ಕಾವಿಗೇ ಹತ್ತು ಹನ್ನೆರಡು ಗಂಟೆಯಲ್ಲಿ ಹುಳಿ ಬಂದು ಉಕ್ಕುತ್ತದೆ. ಮೊಸರೂ ಹೀಗೆಯೇ ಹೆಪ್ಪಾಗುತ್ತದೆ. ಓವನ್ ಬಾಗಿಲಿಗೆ "ಒಳಗೆ ಹಿಟ್ಟಿದೆ" ಎಂದು ಚೀಟಿ ಅಂಟಿಸುವುದನ್ನು ಮರೆಯಬೇಡಿ. ಬೆಳಗ್ಗೆ ಯಾರಾದರೂ ನೋಡದೆ ಓವನ್ ಹಚ್ಚಿದರೆ ಹಿಟ್ಟೂ ಹೋಯಿತು, ಪಾತ್ರೆಯೂ ಹೋಯಿತು.

ಹಂತ 6: ನಡೆಯುವುದನ್ನು ಹೊಸದಾಗಿ ಕಲಿಯಿರಿ

ಹಿಮ ಬೀಳುವ ದಿನಕ್ಕಿಂತ ಅದರ ಮೂರನೆಯ, ನಾಲ್ಕನೆಯ ದಿನ ಹೆಚ್ಚು ಅಪಾಯ. ಆಕಾಶ ತಿಳಿ ನೀಲಿ, ರಸ್ತೆ ಒಣಗಿದೆ, ಪಕ್ಕದ ಮನೆಯ ಹುಡುಗ ಚಡ್ಡಿಯಲ್ಲಿ ಓಡಾಡುತ್ತಿದ್ದಾನೆ. ಆಗಲೇ ಜಾರುವುದು.

ಹೇಗೆಂದು ಒಂದು ಜಾಗವನ್ನು ಹತ್ತಿರದಿಂದ ನೋಡೋಣ. ಛಾವಣಿಯ ನೀರಿಳಿಯುವ ಕೊಳವೆ ಗೋಡೆಯ ಬುಡದಲ್ಲಿ ಕೊನೆಯಾಗುತ್ತದೆ. ಮಧ್ಯಾಹ್ನ ಛಾವಣಿಯ ಹಿಮ ಕರಗಿ ಆ ಕೊಳವೆಯಿಂದ ಸಣ್ಣಗೆ ಹರಿದು, ಕಾಲುದಾರಿಯನ್ನು ಅಡ್ಡಲಾಗಿ ದಾಟಿ ಹುಲ್ಲಿಗೆ ಸೇರುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುತ್ತದೆ. ಐದೂವರೆಗೆ ಆ ನೀರಿನ ಪಟ್ಟಿ ಗಾಜಾಗಿರುತ್ತದೆ. ಬೆಳಗ್ಗೆ ನೋಡಿದರೆ ಸಿಮೆಂಟು ಸ್ವಲ್ಪ ಒದ್ದೆಯಾದ ಹಾಗೆ ಮಾತ್ರ ಕಾಣುತ್ತದೆ. ಬಗ್ಗಿ ನೋಡಿದರೆ ಒಂದು ಒಣ ಎಲೆ ಅದರೊಳಗೆ ಸಿಕ್ಕಿಕೊಂಡಿರುವುದು ಗೊತ್ತಾಗುತ್ತದೆ. ಇದನ್ನೇ 'ಬ್ಲ್ಯಾಕ್ ಐಸ್' ಎನ್ನುವುದು. ಕಪ್ಪು ಬಣ್ಣದ್ದಲ್ಲ, ಕೆಳಗಿನ ನೆಲ ಕಾಣುವಷ್ಟು ಪಾರದರ್ಶಕ. ನನ್ನ ಮೊದಲ ಡಿಸೆಂಬರಿನಲ್ಲಿ ಇಂಥದ್ದೇ ಒಂದು ಪಟ್ಟಿಯ ಮೇಲೆ ಬಿದ್ದು ಮಣಿಕಟ್ಟಿಗೆ ಆರು ವಾರ ಪಟ್ಟಿ ಕಟ್ಟಿಸಿಕೊಂಡಿದ್ದೆ. ಅಂಚೆ ಪೆಟ್ಟಿಗೆ ನೋಡಿ ಬರೋಣವೆಂದು ಹವಾಯಿ ಚಪ್ಪಲಿಯಲ್ಲಿ ಹೊರಟಿದ್ದೆ.

ನೆರಳಿರುವ ಕಡೆಯೆಲ್ಲ ಐಸ್ ಇದೆಯೆಂದೇ ನಂಬಿ ನಡೆಯಿರಿ. ಸಣ್ಣ ಹೆಜ್ಜೆ, ಪಾದ ಚಪ್ಪಟೆಯಾಗಿ ಊರಿ, ಮೈಭಾರ ಮುಂದಿಟ್ಟ ಕಾಲಿನ ಮೇಲಿರಲಿ. ಬಾತುಕೋಳಿ ನಡಿಗೆ ಎಂದರೆ ಸರಿಹೋದೀತು. ಕೈಗಳನ್ನು ಜೇಬಿನಿಂದ ತೆಗೆಯಿರಿ. ಕಾರಿನಿಂದ ಇಳಿಯುವಾಗ ಎರಡೂ ಕಾಲು ನೆಲಕ್ಕೆ ಊರಿ, ಬಾಗಿಲು ಹಿಡಿದು ಏಳಿ. ಪಾರ್ಕಿಂಗ್ ಜಾಗದಲ್ಲಿ ಜಾರಿ ಬೀಳುವವರು ಬಹಳ.

ಮನೆಯ ಮುಂದಿನ ಕಾಲುದಾರಿಯ ಹಿಮ ತೆಗೆಯುವುದು ನಿಮ್ಮ ಜವಾಬ್ದಾರಿ. ಡೆನ್ವರ್ ನಗರದಲ್ಲಿ ಹಿಮ ನಿಂತ 24 ಗಂಟೆಯೊಳಗೆ ಮನೆಯವರು ತೆಗೆದಿರಬೇಕು, ಅಂಗಡಿಗಳಿಗಾದರೆ ನಾಲ್ಕೇ ಗಂಟೆ. ಬೇರೆ ಊರುಗಳ ನಿಯಮ ಸ್ವಲ್ಪ ಬೇರೆ, ನಿಮ್ಮ ಊರಿನದು ಕೇಳಿಕೊಳ್ಳಿ. ಬೆಳಗ್ಗೆ ಬೇಗ ತೆಗೆದರೆ ಉಳಿದ ತೆಳು ಪದರವನ್ನು ಮಧ್ಯಾಹ್ನದ ಬಿಸಿಲೇ ಒಣಗಿಸುತ್ತದೆ. ಜನ ತುಳಿದು ಗಟ್ಟಿಯಾದ ಮೇಲೆ ಸಲಿಕೆ ಹತ್ತುವುದಿಲ್ಲ. ಎತ್ತಿ ಎಸೆಯುವುದಕ್ಕಿಂತ ತಳ್ಳುವುದು ಮೇಲು. ಮಾರ್ಚಿನ ಒದ್ದೆ ಹಿಮ ಹಸಿ ಮಣ್ಣಿನಷ್ಟು ಭಾರ, ಎದೆನೋವಿನ ಇತಿಹಾಸ ಇರುವವರು ಸಲಿಕೆ ಮುಟ್ಟಲೇಬೇಡಿ, ಪಕ್ಕದ ಮನೆಯ ಹುಡುಗರಿಗೆ ದುಡ್ಡು ಕೊಟ್ಟು ಮಾಡಿಸಿ.

ಹಂತ 7: ಕಾರು

ಅಕ್ಟೋಬರ್ ಮೊದಲ ವಾರದಲ್ಲಿ ಈ ನಾಲ್ಕು ಕೆಲಸ ಮುಗಿಸಿ.

1. ಬ್ಯಾಟರಿ ಪರೀಕ್ಷೆ ಮಾಡಿಸಿ. ಹಳೆಯ ಬ್ಯಾಟರಿ ಕೈಕೊಡುವುದು ಅತಿ ಚಳಿಯ ಬೆಳಗ್ಗೆಯೇ.
2. ಟೈರಿನ ಗೀರಿನ ಆಳ, ಗಾಳಿ ನೋಡಿಸಿ. ತಾಪಮಾನ 10 ಫ್ಯಾರನ್‌ಹೀಟ್ ಇಳಿದರೆ ಒತ್ತಡ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ಚಳಿಗಾಲದ ಟೈರಿನ ರಬ್ಬರ್ 7 ಸೆಲ್ಸಿಯಸ್‌ಗಿಂತ ಕೆಳಗೂ ಮೆದುವಾಗಿರುತ್ತದೆ, ಸಾಮಾನ್ಯ ಟೈರು ಗಡುಸಾಗುತ್ತದೆ.
3. ಗಾಜು ತೊಳೆಯುವ ಡಬ್ಬಿಯಲ್ಲಿ ನೀರಿದ್ದರೆ ಖಾಲಿ ಮಾಡಿ, ಹೆಪ್ಪುಗಟ್ಟದ ದ್ರವ ತುಂಬಿಸಿ. ಊರಿನಲ್ಲಿ ನೀರು ಹಾಕಿ ರೂಢಿಯಾದವರು ಇಲ್ಲೇ ಎಡವುವುದು. ಮುಂದಿನ ಲಾರಿ ಕೆಸರು ಎರಚಿದಾಗ ಗಾಜು ತೊಳೆಯಲು ಏನೂ ಬರುವುದಿಲ್ಲ.
4. ಡಿಕ್ಕಿಯಲ್ಲಿ ಐಸ್ ಕೆರೆಯುವ ಬ್ರಷ್, ಸಣ್ಣ ಸಲಿಕೆ, ಕಂಬಳಿ, ಟಾರ್ಚ್, ಕೈಗವಸು, ಫೋನ್ ಚಾರ್ಜರ್, ನೀರು, ಒಂದಿಷ್ಟು ತಿಂಡಿ ಇಡಿ. ಪೆಟ್ರೋಲು ಅರ್ಧ ಟ್ಯಾಂಕಿಗಿಂತ ಕೆಳಗಿಳಿಯದಿರಲಿ.

ಬೆಳಗ್ಗೆ ಗಾಜಿನ ಮೇಲೆ ಐಸ್ ಕಟ್ಟಿದ್ದರೆ ಬಿಸಿನೀರು ಸುರಿಯಬೇಡಿ, ಗಾಜು ಸೀಳುತ್ತದೆ. ಹೀಟರ್ ಹಾಕಿ ಕೆರೆಯಿರಿ. ಛಾವಣಿಯ ಹಿಮವನ್ನೂ ಗುಡಿಸಿ, ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಪೂರ್ತಿ ಮುಂದಿನ ಗಾಜಿನ ಮೇಲೆ ಜಾರಿ ಬೀಳುತ್ತದೆ. ಇನ್ನೊಂದು ತಪ್ಪು, ಎಂಜಿನ್ ಹಚ್ಚಿ, ಕೀಲಿ ಕಾರಿನಲ್ಲೇ ಬಿಟ್ಟು, ಕಾಫಿ ಕುಡಿಯಲು ಒಳಗೆ ಹೋಗುವುದು. ಹೊಗೆ ಪುಸುಪುಸು ಬಿಡುತ್ತಾ ನಿಂತ ಇಂಥ ಕಾರಿಗೆ ಇಲ್ಲಿ 'ಪಫರ್' ಎಂದೇ ಹೆಸರು. ಕಳ್ಳರು ಇವನ್ನೇ ಹುಡುಕುತ್ತಾರೆ, ಕಾನೂನಿನ ಪ್ರಕಾರವೂ ತಪ್ಪು. ದೂರದಿಂದ ಎಂಜಿನ್ ಹಚ್ಚುವ ರಿಮೋಟ್ ಇದ್ದು ಕಾರಿಗೆ ಬೀಗ ಬಿದ್ದಿದ್ದರೆ ಅಡ್ಡಿಯಿಲ್ಲ.

ಓಡಿಸುವಾಗ ನೆನಪಿಡಬೇಕಾದ್ದು ಇಷ್ಟೇ. ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಸಿಗುವ ಕಾರು ಹೊರಡಲು ಸಹಾಯ ಮಾಡುತ್ತದೆ, ನಿಲ್ಲಲು ಮಾಡುವುದಿಲ್ಲ. ಹಳ್ಳಕ್ಕೆ ಬಿದ್ದ ದೊಡ್ಡ ಎಸ್‌ಯುವಿಗಳನ್ನು ಮೊದಲ ಹಿಮದಲ್ಲೇ ನೋಡುತ್ತೀರಿ. ಮುಂದಿನ ಕಾರಿನಿಂದ ಅಂತರ ಮೂರು ಪಟ್ಟು ಇಡಿ. ಸೇತುವೆಯ ಕೆಳಗೂ ಗಾಳಿಯಾಡುವುದರಿಂದ ಅದು ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತದೆ. ಬ್ರೇಕ್ ಒತ್ತಿದಾಗ ಪೆಡಲ್ ಗಡಗಡ ನಡುಗಿದರೆ ಕಾಲು ತೆಗೆಯಬೇಡಿ, ಎಬಿಎಸ್, ಅಂದರೆ ಬ್ರೇಕ್ ಹಾಕಿದಾಗ ಚಕ್ರ ಬಿಗಿದು ಜಾರದ ಹಾಗೆ ತಡೆಯುವ ವ್ಯವಸ್ಥೆ, ಕೆಲಸ ಮಾಡುತ್ತಿದೆ ಎಂದರ್ಥ. ಹಿಮ ತೆಗೆಯುವ ದೊಡ್ಡ ಲಾರಿಗಳು ಸಾಲಾಗಿ ಓರೆಯಲ್ಲಿ ಹೋಗುತ್ತಿದ್ದರೆ ಅವನ್ನು ಹಿಂದಿಕ್ಕುವುದು ಕೊಲೊರಾಡೊದಲ್ಲಿ ಕಾನೂನುಬಾಹಿರ. ಮುಖ್ಯ ರಸ್ತೆಗಳು ಬೇಗ ತೆರವಾಗುತ್ತವೆ, ಆದರೆ ನಿಮ್ಮ ಮನೆಯ ಗಲ್ಲಿಯನ್ನು ನೆಲ ಕಾಣುವ ಹಾಗೆ ಯಾರೂ ಬಂದು ಗುಡಿಸುವುದಿಲ್ಲ. ಅದನ್ನು ಬಿಸಿಲಿಗೇ ಬಿಟ್ಟಿರುತ್ತಾರೆ.

ಮನೆಯಿಂದ ಕೆಲಸ ಮಾಡುವ ಅವಕಾಶವಿದ್ದರೆ ಹಿಮದ ದಿನ ಅದನ್ನೇ ಮಾಡಿ. ಹವಾಮಾನ ಮುನ್ಸೂಚನೆಯಲ್ಲಿ 'ವಾಚ್' ಎಂದರೆ ಹಿಮ ಬರಬಹುದು, ತಯಾರಾಗಿ ಎಂದು. 'ವಾರ್ನಿಂಗ್' ಎಂದರೆ ಬರುವುದು ಬಹುತೇಕ ಖಚಿತ ಅಥವಾ ಬಂದೇಬಿಟ್ಟಿದೆ. 'ಅಡ್ವೈಸರಿ' ಅದಕ್ಕಿಂತ ಸೌಮ್ಯ, ಆದರೂ ರಸ್ತೆ ಜಾರುತ್ತದೆ. ಶಾಲೆಗೆ ರಜೆ ಅಥವಾ ತಡವಾಗಿ ಆರಂಭ ಎಂಬ ಸಂದೇಶ ಬೆಳಗಿನ ಜಾವ ಬರುತ್ತದೆ, ನಿಮ್ಮ ಫೋನ್ ನಂಬರ್ ಶಾಲೆಯ ಪಟ್ಟಿಯಲ್ಲಿ ಸರಿಯಿದೆಯೇ ನೋಡಿಕೊಳ್ಳಿ.

ಹಂತ 8: ಬೆಟ್ಟಕ್ಕೆ ಹೋಗುವಾಗ

ಬಂದ ಮೊದಲ ಶನಿವಾರವೇ ಹಿಮ ನೋಡಲು ಬೆಟ್ಟದ ಸ್ಕೀ ತಾಣಗಳಾದ ಬ್ರೆಕೆನ್‌ರಿಜ್‌ಗೋ ಲವ್‌ಲ್ಯಾಂಡ್‌ಗೋ ಹೊರಡುವ ಉತ್ಸಾಹ ನನಗೆ ಅರ್ಥವಾಗುತ್ತದೆ. ಆದರೆ ಅದು ಡೆನ್ವರ್‌ನ ಚಳಿಗಾಲವಲ್ಲ, ಬೇರೆಯೇ ಲೋಕ. ಐ-70 ಹೆದ್ದಾರಿ ಐಸೆನ್‌ಹೋವರ್ ಸುರಂಗದಲ್ಲಿ 11,000 ಅಡಿ ದಾಟುತ್ತದೆ. ಮನೆಯ ಮುಂದೆ ಬಿಸಿಲಿದ್ದರೆ ಅಲ್ಲಿ ಕಣ್ಣು ಕಾಣದಷ್ಟು ಹಿಮಗಾಳಿ ಇರಬಹುದು.

ಆ ದಾರಿಯಲ್ಲಿ ಮಾರಿಸನ್‌ನಿಂದ ಡಾಟ್ಸೆರೋವರೆಗೆ ಸೆಪ್ಟೆಂಬರ್ 1ರಿಂದ ಮೇ 31ರವರೆಗೆ 'ಟ್ರ್ಯಾಕ್ಷನ್ ಲಾ' ಜಾರಿಯಲ್ಲಿರುತ್ತದೆ, ಅಂದರೆ ಟೈರಿನ ಹಿಡಿತದ ಕಾನೂನು. ಟೈರಿನ ಗೀರು ಕನಿಷ್ಠ 3/16 ಇಂಚು, ಸುಮಾರು 5 ಮಿಲಿಮೀಟರ್, ಆಳವಿರಬೇಕು. ಜೊತೆಗೆ ಚಳಿಗಾಲದ ಟೈರು, ಅಥವಾ ಪಕ್ಕದಲ್ಲಿ ಎಂ ಮತ್ತು ಎಸ್ ಗುರುತಿರುವ ಟೈರು, ಅಥವಾ ನಾಲ್ಕೂ ಚಕ್ರಕ್ಕೆ ಬಲವಿರುವ ಕಾರು ಬೇಕು. ಇವು ಯಾವುದೂ ಇಲ್ಲದಿದ್ದರೆ ಚಕ್ರಕ್ಕೆ ಕಟ್ಟುವ ಸರಪಳಿಯನ್ನು ಜೊತೆಗೆ ಒಯ್ಯಬೇಕು. ತಪ್ಪಿದರೆ 130 ಡಾಲರ್‌ಗೂ ಹೆಚ್ಚು ದಂಡ, ನಿಮ್ಮ ಕಾರು ಸಿಕ್ಕಿಕೊಂಡು ರಸ್ತೆ ಮುಚ್ಚಿದರೆ 650ಕ್ಕೂ ಹೆಚ್ಚು. ಬಾಡಿಗೆ ಕಾರು ತೆಗೆದುಕೊಂಡವರು ಕೌಂಟರಿನಲ್ಲಿ ಕೇಳಿದ ಮೇಲೂ ಟೈರನ್ನು ತಾವೇ ನೋಡಿ.

ಹೊರಡುವ ಮುನ್ನ ರಾಜ್ಯ ಸಾರಿಗೆ ಇಲಾಖೆಯ ಸಿಒಟ್ರಿಪ್ ತಾಣದಲ್ಲಿ ರಸ್ತೆಯ ಕ್ಯಾಮೆರಾ ನೋಡಿ. ಶನಿವಾರ ಬೆಳಗ್ಗೆ ಹೋಗುವ ದಾರಿ, ಭಾನುವಾರ ಮಧ್ಯಾಹ್ನ ಬರುವ ದಾರಿ ಸಿಲ್ಕ್ ಬೋರ್ಡ್ ಜಂಕ್ಷನ್ ನೆನಪಿಸುತ್ತವೆ. ಕಾರಿಲ್ಲದವರಿಗೆ ಬಸ್ಸುಗಳಿವೆ. ಮೊದಲ ವರ್ಷ ಬಸ್ಸಲ್ಲೇ ಹೋಗಿ ಎಂಬುದು ನನ್ನ ಸಲಹೆ.

ಹಂತ 9: ಯುಗಾದಿ ಬಂತೆಂದು ಬೂಟು ಎತ್ತಿಡಬೇಡಿ

ಫೆಬ್ರವರಿ ಕೊನೆಗೆ ಬಿಸಿಲು ಕಾವೇರಿದಾಗ ಚಳಿಗಾಲ ಮುಗಿಯಿತೆಂದು ಎಲ್ಲ ಹೊಸಬರೂ ಅಂದುಕೊಳ್ಳುತ್ತಾರೆ. ಡೆನ್ವರ್‌ನಲ್ಲಿ ಸರಾಸರಿ ಅತಿ ಹೆಚ್ಚು ಹಿಮ ಬೀಳುವ ತಿಂಗಳು ಮಾರ್ಚ್. 2003ರ ಮಾರ್ಚಿನಲ್ಲಿ ಒಂದೇ ಬಿರುಗಾಳಿಗೆ 31.8 ಇಂಚು, 2021ರ ಮಾರ್ಚಿನಲ್ಲಿ 27.1 ಇಂಚು ಬಿದ್ದಿತ್ತು. ಏಪ್ರಿಲ್ ಕೊನೆಯವರೆಗೂ ಹಿಮ ಸಾಮಾನ್ಯ, ಮೇ ತಿಂಗಳಲ್ಲಿ ಬಿದ್ದದ್ದೂ ಉಂಟು. ಈ ಹಿಮ ಒದ್ದೆ, ಭಾರ. ಚಿಗುರಿದ ಮರದ ಕೊಂಬೆಗಳು ಮುರಿಯುತ್ತವೆ, ವಿದ್ಯುತ್ ಹೋಗುತ್ತದೆ. ಟಾರ್ಚ್, ಚಾರ್ಜ್ ಮಾಡಿದ ಪವರ್‌ಬ್ಯಾಂಕ್ ಮನೆಯಲ್ಲಿರಲಿ. ಸಣ್ಣ ಗಿಡಗಳಿದ್ದರೆ ಪೊರಕೆ ಹಿಡಿಯಿಂದ ಕೊಂಬೆಗಳನ್ನು ಕೆಳಗಿನಿಂದ ಮೆಲ್ಲಗೆ ಅಲುಗಿಸಿ ಹಿಮ ಉದುರಿಸಿ.

ಹಿಮವೇ ಬೀಳದ ಚಳಿಗಾಲವೂ ಸುಖದ್ದಲ್ಲ. 2021ರ ಡಿಸೆಂಬರ್ 30ರಂದು ಡೆನ್ವರ್ ಹತ್ತಿರದ ಬೌಲ್ಡರ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ) ಒಣ ಹುಲ್ಲಿಗೆ ಬೆಂಕಿ ಬಿದ್ದು, ಬೆಟ್ಟದಿಂದಿಳಿದ ಗಾಳಿಗೆ ಹರಡಿ, ಸಾವಿರಕ್ಕೂ ಹೆಚ್ಚು ಮನೆಗಳು ಸುಟ್ಟುಹೋದವು. ಜನರಿಗೆ ಪಾಸ್‌ಪೋರ್ಟ್ ತೆಗೆದುಕೊಳ್ಳುವಷ್ಟೂ ಸಮಯ ಸಿಗಲಿಲ್ಲ. ಪಾಸ್‌ಪೋರ್ಟ್, ವೀಸಾ ಕಾಗದ, ಪದವಿ ಪ್ರಮಾಣಪತ್ರಗಳನ್ನು ಒಂದೇ ಚೀಲದಲ್ಲಿ ಬಾಗಿಲ ಹತ್ತಿರ ಇಡಿ. ಕೌಂಟಿಯ ತುರ್ತು ಸಂದೇಶಕ್ಕೆ ಫೋನ್ ನಂಬರ್ ನೋಂದಾಯಿಸಿ. ಗಾಳಿ ಜೋರಿರುವ ಒಣ ದಿನ ಹೊರಗೆ ಇದ್ದಿಲ ಒಲೆ, ಬಾರ್ಬೆಕ್ಯೂ ಹಚ್ಚಬೇಡಿ.

ಕೊನೆಗೆ, ಪ್ರತಿವರ್ಷ ಯಾರಾದರೂ ಕೇಳಿಯೇ ಕೇಳುವ ಪ್ರಶ್ನೆ, ಕರಿಬೇವಿನ ಕುಂಡ. ಸೆಪ್ಟೆಂಬರ್ ಮೂರನೆಯ ವಾರದೊಳಗೆ ಒಳಗೆ ತನ್ನಿ, ರಾತ್ರಿ 10 ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದನ್ನು ಅದು ಸಹಿಸುವುದಿಲ್ಲ. ದಕ್ಷಿಣದ ಕಿಟಕಿಯ ಹತ್ತಿರ, ಹೀಟರಿನ ಗಾಳಿ ನೇರ ಬಡಿಯದ ಕಡೆ ಇಡಿ. ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು. ಎಲೆ ಉದುರಿದರೆ ಕಿತ್ತೆಸೆಯಬೇಡಿ, ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವವಿದೆ. ಇಲ್ಲಿನ ತೋಟಗಾರರು ಮೇ ತಿಂಗಳ ಎರಡನೇ ಭಾನುವಾರ, ಅಮ್ಮಂದಿರ ದಿನ, ಕಳೆಯುವವರೆಗೆ ಟೊಮೆಟೊ ಸಸಿ ಹೊರಗಿಡುವುದಿಲ್ಲ. ಕರಿಬೇವಿಗೆ ಇನ್ನೂ ಎರಡು ವಾರ ಕಾಯಿರಿ. ಮೊದಲ ವಾರ ನೆರಳಿನಲ್ಲಿಟ್ಟು, ಆಮೇಲೆ ಬೆಳಗಿನ ಬಿಸಿಲಿಗೆ ಬಿಡಿ. ಈ ಎತ್ತರದ ಬಿಸಿಲು ಒಳಗೇ ಬೆಳೆದ ಎಲೆಯನ್ನು ಒಂದೇ ಮಧ್ಯಾಹ್ನದಲ್ಲಿ ಸುಟ್ಟುಬಿಡುತ್ತದೆ.